ಮಾಟವೆಂಬ ಮಾತು



ಕಳೆದ ತಿಂಗಳ ಶಿವಾನುಭವಗೋಷ್ಠಿಯಲ್ಲಿ ವಚನಪಠನವು ಮುಗಿದ ಮೇಲೆ ತರುಣನೊಬ್ಬನು ಎದ್ದು ನಿಂತು, “ಬುದ್ಧೀ, ಬಸವಣ್ಣನವರ ವಚನಗಳಲ್ಲಿ ಮಾಟ ಎಂಬ ಮಾತು ಬರುತ್ತದೆಯಲ್ಲಾ, ಅಣ್ಣನವರೂ ಮಾಟ ಮಾಡುತ್ತಿದ್ದರೇ?” ಎಂದು ಕೇಳಿದನು. ಸಭೆಯೆಲ್ಲ ನಕ್ಕಿತು. ಹುಡುಗನು ನಾಚಿ ಕುಳಿತುಬಿಟ್ಟನು. ಅಂದು ಹೊತ್ತಾಗಿದ್ದುದರಿಂದ ನಾವು ಉತ್ತರವನ್ನು ಮುಂದಿನ ಅಮಾವಾಸ್ಯೆಗೆ ಇಟ್ಟುಕೊಂಡೆವು. ನಕ್ಕವರೊಳಗೆ ಎಷ್ಟು ಜನರಿಗೆ ಉತ್ತರ ತಿಳಿದಿತ್ತೋ ನಾವು ಕಾಣೆವು. ಪ್ರಶ್ನೆಯಂತೂ ನಗುವಂಥದಲ್ಲ. ಒಂದೇ ಪದವು ಶರಣರ ಬಾಯಿಯಲ್ಲಿ ಒಂದು ಅರ್ಥವನ್ನೂ ನಮ್ಮ ಊರುಕೇರಿಗಳಲ್ಲಿ ಅದಕ್ಕೆ ತೀರ ವಿರುದ್ಧವಾದ ಅರ್ಥವನ್ನೂ ಹೊತ್ತು ನಿಂತಿದ್ದರೆ, ಅದು ಹೇಗಾಯಿತೆಂದು ವಿಚಾರಿಸಬೇಕಾದುದು ಅಗತ್ಯ.

ಮೊದಲು ಪದವನ್ನು ನೋಡೋಣ. ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಆಡು ಎಂಬುದರಿಂದ ಆಟ, ಕೂಡು ಎಂಬುದರಿಂದ ಕೂಟ, ಕಾಡು ಎಂಬುದರಿಂದ ಕಾಟ. ಇದೇ ಸಾಲಿನಲ್ಲಿ ಮಾಡು ಎಂಬುದರಿಂದ ಮಾಟ. ಧಾತುವಿನಿಂದ ಹೀಗೆ ನಾಮಪದಗಳು ಹುಟ್ಟುವ ಬಗೆಯನ್ನು 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಆದುದರಿಂದ ಮಾಟವೆಂದರೆ ಮಾಡುವಿಕೆ, ಕ್ರಿಯೆ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾಡಿದ್ದು ಚೆನ್ನಾಗಿದ್ದರೆ ಅದಕ್ಕೂ ಮಾಟವೆಂದೇ ಹೆಸರು. ಮೈಮಾಟ ಎನ್ನುತ್ತೇವೆ, ಮಾಟವಾದ ಮೂಗು ಎನ್ನುತ್ತೇವೆ. ಶಿಲ್ಪಿಯ ಕೈ ಎಷ್ಟು ಬೇಕೋ ಅಷ್ಟೇ ಕಲ್ಲನ್ನು ತೆಗೆದಂತೆ ಅಳತೆಗೆ ಸರಿಯಾಗಿ ರೂಪುಗೊಂಡದ್ದು ಮಾಟವಾದದ್ದು. ಹೆಣ್ಣು ನೋಡಲು ಹೋದವರು ಮನೆಗೆ ಬಂದು ‘ಹುಡುಗಿ ಮಾಟವಾಗಿದ್ದಾಳೆ’ ಎಂದರೆ ಯಾರೂ ಹೆದರುವುದಿಲ್ಲ!

ಶರಣರು ಈ ಮಾತನ್ನು ಇನ್ನೂ ಎತ್ತರಕ್ಕೆ ಒಯ್ದರು. ಅವರಲ್ಲಿ ಮಾಟವೆಂದರೆ ದಾಸೋಹದ ಕ್ರಿಯೆ. ಗುರುವಿಗೆ, ಲಿಂಗಕ್ಕೆ, ಜಂಗಮಕ್ಕೆ ತನು ಮನ ಧನಗಳನ್ನು ಸವೆಸಿ ಮಾಡುವ ಸೇವೆ. ಬಸವಣ್ಣನವರ ನಿಲುವನ್ನು ಮಾಟದ ಹೆಸರಿನಿಂದಲೂ ಅಲ್ಲಮಪ್ರಭುದೇವರ ನಿಲುವನ್ನು ನೋಟದ ಹೆಸರಿನಿಂದಲೂ ಗುರುತಿಸುವ ವಾಡಿಕೆ ವಚನಗಳಲ್ಲಿಯೇ ಉಂಟು. ಒಬ್ಬರು ಮಾಡಿ ಕೂಡಿದರು, ಇನ್ನೊಬ್ಬರು ನೋಡಿ ಕೂಡಿದರು ಎಂದು ಅದರ ಭಾವ. ಆದರೆ ಈ ಮಾಟದಲ್ಲಿಯೂ ಒಂದು ಅಪಾಯವಿದೆಯೆಂಬುದನ್ನು ಅಣ್ಣನವರು ಬಲ್ಲವರಾಗಿದ್ದರು. ಲಿಂಗಕ್ಕೆ ಮಾಡಿದೆ, ಜಂಗಮಕ್ಕೆ ಮಾಡಿದೆ ಎಂಬ ಎಣಿಕೆ ಮನಸ್ಸಿನಲ್ಲಿ ಸುಳಿದರೆ ಮಾಡಿದ್ದೆಲ್ಲ ಕೆಟ್ಟಿತು ಎಂದು ಅವರು ಎಚ್ಚರಿಸಿದ್ದಾರೆ. ಮಾಡಬೇಕು, ಆದರೆ ಮಾಡಿದವನು ತಾನೆಂದು ಮೆರೆಯಬಾರದು. ತರುಣನ ಪ್ರಶ್ನೆಗೆ ಉತ್ತರವಿದು. ಹೌದಪ್ಪ, ಬಸವಣ್ಣನವರು ಮಾಟ ಮಾಡುತ್ತಿದ್ದರು. ಕಲ್ಯಾಣದ ಮಹಾಮನೆಯಲ್ಲಿ ಹಗಲಿರುಳು ಅದನ್ನೇ ಮಾಡುತ್ತಿದ್ದರು.

ಹಾಗಾದರೆ ಇನ್ನೊಂದು ಮಾಟ ಎಲ್ಲಿಂದ ಬಂದಿತು? ಇದು ಕನ್ನಡಕ್ಕೆ ಮಾತ್ರ ಒದಗಿದ ಗತಿಯಲ್ಲ. ಸಂಸ್ಕೃತದಲ್ಲಿ ಕೃ ಎಂಬ ಧಾತುವಿಗೆ ಮಾಡು ಎಂಬ ಅರ್ಥ. ಅದರಿಂದ ಹುಟ್ಟಿದ ಕೃತ್ಯವು ಕೆಲಸ. ಅದೇ ಕೃತ್ಯಾ ಎಂದಾದರೆ ಶತ್ರುವಿನ ಮೇಲೆ ಕಳುಹಿಸಿದ ದುಷ್ಟಶಕ್ತಿ. ಅಥರ್ವವೇದದಲ್ಲಿ ಈ ಕೃತ್ಯೆಯನ್ನು ಹಿಂದಿರುಗಿಸುವ ಸೂಕ್ತಗಳೇ ಇವೆ. ಕರ್ಮದಿಂದ ಕಾರ್ಮಣವೆಂಬ ಪದ ಬಂದಿದೆ. ಬೇರುನಾರುಗಳಿಂದ ಮಾಡುವ ವಶೀಕರಣಾದಿಗಳಿಗೆ ಅದು ಹೆಸರೆಂದು ಪಾಠಶಾಲೆಯ ಮಕ್ಕಳು ಅಮರಕೋಶದಲ್ಲಿ ಕಂಠಪಾಠ ಮಾಡುತ್ತಾರೆ. ನೆರೆಯ ಮರಾಠಿಯಲ್ಲಿ ಇದೇ ಸಂಗತಿಗೆ ಕರಣಿ ಎನ್ನುತ್ತಾರೆ, ಅದೂ ಮಾಡುವಿಕೆಯೇ. ತೆಲುಗಿನಲ್ಲಿ ಚೇತಬಡಿ, ಚೇತ ಎಂದರೆ ಮಾಡುವುದು. ತಮಿಳಿನಲ್ಲಿ ಸೆಯ್‌ವಿನೈ, ಅಲ್ಲಿಯೂ ಸೆಯ್ ಎಂದರೆ ಮಾಡು. ಇಷ್ಟು ಭಾಷೆಗಳ ಜನರು ಒಂದೆಡೆ ಕುಳಿತು ನಿರ್ಣಯ ಮಾಡಿದವರಲ್ಲ. ಆದರೂ ಎಲ್ಲರೂ ಆ ಭಯಕ್ಕೆ ‘ಮಾಡಿದ್ದು’ ಎಂದೇ ಹೆಸರಿಟ್ಟರು.

ಇದಕ್ಕೆ ನಮಗೆ ತೋರುವ ಕಾರಣ ಹೀಗಿದೆ. ಹೆದರಿದ ಮನುಷ್ಯನು ಹೆದರಿಕೆಯ ವಸ್ತುವಿನ ಹೆಸರನ್ನು ಹೇಳುವುದಿಲ್ಲ. ರಾತ್ರಿಯಲ್ಲಿ ಹಾವೆನ್ನದೆ ಹುಳ ಎನ್ನುತ್ತೇವೆ. ಸಿಡುಬಿಗೆ ಅಮ್ಮ ಎಂದೆವು. 1980ರಲ್ಲಿ ಆ ರೋಗವು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಿದರೂ ಇತರ ಗುಳ್ಳೆಗಳಿಗೆ ಇಂದಿಗೂ ಅಮ್ಮನೆಂಬ ಮಾತು ಬಿಟ್ಟಿಲ್ಲ. ಹಾಗೆಯೇ ‘ಏನನ್ನೋ ಮಾಡಿದ್ದಾರೆ’ ಎಂದು ದನಿ ತಗ್ಗಿಸಿ ಹೇಳಿದರೆ ಸಾಕು, ಕೇಳಿದವನ ಮುಖ ಬಾಡುತ್ತದೆ.

ಈಗ ಆ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಿರಿ. ನಮ್ಮ ಜನರು ಹೇಳುವುದು ಹೇಗೆ? ‘ನಮ್ಮ ಮನೆಗೆ ಯಾರೋ ಮಾಡಿಸಿದ್ದಾರೆ.’ ಇದರಲ್ಲಿ ಕ್ರಿಯೆಯಿದೆ. ಏನನ್ನು ಮಾಡಿಸಿದರು ಎಂಬ ಕರ್ಮವಿಲ್ಲ. ಮಾಡಿಸಿದವರು ಯಾರು ಎಂದರೆ ‘ಯಾರೋ’. ಕೈಯಾರ ಮಾಡಿದವನು ಯಾರು ಎಂದರೆ ಅವನ ಸುಳಿವೇ ಇಲ್ಲ. ವ್ಯಾಕರಣವನ್ನು ಓದಿದ ನಮಗೆ ಇಂಥ ವಾಕ್ಯವನ್ನು ಕೇಳಿದರೆ ಗೋಡೆಯಿಲ್ಲದೆ ಮಾಡು ಹೊದಿಸಿದ ಮನೆಯನ್ನು ಕಂಡಂತಾಗುತ್ತದೆ. ಪಾಣಿನಿಯ ಮತದಲ್ಲಿ ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವತಂತ್ರನಾದವನು. ಅವನನ್ನು ಪ್ರೇರಿಸಿದವನೂ ಕರ್ತೃವೇ. ಅವನಿಗೆ ಹೇತುವೆಂದು ಇನ್ನೊಂದು ಹೆಸರು. ದಾಸೋಹದ ಮಾಟದಲ್ಲಿ ಕರ್ತೃ ಕಣ್ಣೆದುರಿಗಿದ್ದಾನೆ. ಅಕ್ಕಿ ಅವನದು, ಬೆವರು ಅವನದು, ಆದರೆ ‘ನಾನು’ ಎನ್ನುವುದಿಲ್ಲ. ಈ ಇನ್ನೊಂದು ಮಾಟದಲ್ಲಿ ಕರ್ತೃವನ್ನು ಕಂಡವರೇ ಇಲ್ಲ, ಆದರೂ ‘ಅವರು’ ಎಂದು ಬೆರಳು ತೋರಿಸುತ್ತೇವೆ. ವಾಕ್ಯದಲ್ಲಿ ಬರಿದಾಗಿ ಉಳಿದ ಆ ಸ್ಥಾನವು ಸುಮ್ಮನಿರುವುದಿಲ್ಲ. ಅಲ್ಲಿಗೆ ಒಬ್ಬರನ್ನು ತಂದು ಕೂರಿಸುವವರೆಗೆ ಮನೆಯವರಿಗೆ ನಿದ್ರೆಯಿಲ್ಲ.

ಪುರಾಣಕಾರರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಭಾಗವತದ ದಶಮಸ್ಕಂಧದಲ್ಲಿ ಕಾಶೀರಾಜನ ಮಗ ಸುದಕ್ಷಿಣನ ಕಥೆಯಿದೆ. ತಂದೆಯನ್ನು ಕೊಂದ ಶ್ರೀಕೃಷ್ಣನ ಮೇಲೆ ಸೇಡು ತೀರಿಸಲು ಅವನು ಅಭಿಚಾರಹೋಮ ಮಾಡಿದನು. ಕುಂಡದಿಂದ ಎದ್ದ ಕೃತ್ಯೆಯು ದ್ವಾರಕೆಗೆ ಹೋಗಿ, ಅಲ್ಲಿ ಸುದರ್ಶನದ ಎದುರು ನಿಲ್ಲಲಾರದೆ ಹಿಂದಿರುಗಿ, ಸುದಕ್ಷಿಣನನ್ನೂ ಅವನ ಋತ್ವಿಜರನ್ನೂ ಸುಟ್ಟಿತು. ಕಥೆಯು ವೈಷ್ಣವರದು, ಇರಲಿ. ಅಲ್ಲಿ ಮಾಡಿದವನು ಯಾರು, ಮಾಡಿಸಿದವನು ಯಾರು, ಏಕೆ ಮಾಡಿಸಿದನು ಎಲ್ಲವೂ ಸ್ಪಷ್ಟ. ನೆರೆಮನೆಯ ಮುದುಕಿಯ ಮೇಲೆ ಸಂಶಯಪಟ್ಟು ಯಾರೂ ಕಲ್ಲು ಬೀರಲಿಲ್ಲ.

ಇನ್ನೊಂದು ಪದವುಂಟು, ಜಾದೂ. ಇದು ಪಾರಸಿಯಿಂದ ಬಂದುದು. ಅದರ ಹಳೆಯ ರೂಪ ಇರಾನಿನ ಅವೆಸ್ತಾ ಗ್ರಂಥದಲ್ಲಿ ಯಾತು ಎಂದಿದೆ. ನಮ್ಮ ಋಗ್ವೇದದಲ್ಲಿಯೂ ಯಾತುವೇ; ಅದನ್ನು ಮಾಡುವವನು ಯಾತುಧಾನ. ಈಗ ಮದುವೆಮನೆಯಲ್ಲಿ ಟೋಪಿಯಿಂದ ಪಾರಿವಾಳ ತೆಗೆಯುವವನ ಆಟಕ್ಕೆ ಇಳಿದಿರುವ ಜಾದೂ ಎಂಬ ಮಾತಿನ ಹಿಂದೆ ಇಷ್ಟು ದೀರ್ಘವಾದ ವಂಶವಿದೆ. ಈ ಯಾತುಧಾನ ಪದವು ಬರುವ ಒಂದು ಸ್ಥಳವನ್ನು ನಾವು ಓದಿದಾಗಲೆಲ್ಲ ಮನಸ್ಸು ನಿಂತುಬಿಡುತ್ತದೆ. ಋಗ್ವೇದದ ಏಳನೆಯ ಮಂಡಲವು ವಸಿಷ್ಠರದು. ಅದರ ಕೊನೆಯ ಸೂಕ್ತದಲ್ಲಿ ಋಷಿಯು ಆಣೆಯಿಡುತ್ತಾನೆ. ತಾನು ಯಾತುಧಾನನಾಗಿದ್ದರೆ, ಯಾರದಾದರೂ ಆಯುಷ್ಯವನ್ನು ತಾನು ಸುಟ್ಟಿದ್ದರೆ ಈ ದಿನವೇ ತನಗೆ ಸಾವು ಬರಲಿ. ತನ್ನನ್ನು ಸುಳ್ಳಾಗಿ ಹಾಗೆ ಕರೆದವನಾದರೋ ತನ್ನ ಹತ್ತು ಮಂದಿ ವೀರಪುತ್ರರನ್ನು ಕಳೆದುಕೊಳ್ಳಲಿ ಎಂದು ಅದರ ತಾತ್ಪರ್ಯ.

ಯಾರಪ್ಪಾ ಹೀಗೆ ಅಂಗಲಾಚುತ್ತಿರುವುದು? ಸಂಪ್ರದಾಯವು ಬ್ರಹ್ಮರ್ಷಿಯೆಂದು ಕರೆದ ವಸಿಷ್ಠ. ಅಂಥವನಿಗೂ ಮಾಟಗಾರನೆಂಬ ಅಪವಾದ ತಪ್ಪಲಿಲ್ಲವೆಂದರೆ ಈ ಅಪವಾದವು ಎಷ್ಟು ಪ್ರಾಚೀನವಾದುದು, ಎಷ್ಟು ಕುರುಡಾದುದು ನೋಡಿರಿ! ಪದದಷ್ಟೇ ಹಳೆಯದು ಅದರ ದುರುಪಯೋಗ. ಆದರೆ ವಸಿಷ್ಠನಿಗೆ ಛಂದಸ್ಸಿತ್ತು, ಶಿಷ್ಯರಿದ್ದರು. ಅವನ ಆಣೆಯನ್ನು ಮೂರು ಸಾವಿರ ವರ್ಷಗಳಿಂದ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ನಮ್ಮ ಊರಿನ ಒಂಟಿ ಹೆಂಗಸು ಆಣೆಯಿಟ್ಟರೆ ಕೇಳುವವರು ಯಾರು?

ಇಲ್ಲಿ ಇನ್ನೊಂದು ಅನ್ಯಾಯವನ್ನು ಹೇಳಬೇಕು. ಇದೇ ವಿದ್ಯೆ ತನಗೆ ಬರುತ್ತದೆಂದು ಫಲಕ ಹಾಕಿಕೊಂಡು ಕುಳಿತ ಗಂಡಸಿಗೆ ಮಂತ್ರವಾದಿ ಎಂಬ ಗೌರವದ ಹೆಸರು. ಅವನಿಗೆ ದಕ್ಷಿಣೆ, ಕೋಳಿ, ಕುಂಬಳಕಾಯಿ. ತಡೆ ಒಡೆಸಲು ಹೋದವರು ಅವನ ಬಾಗಿಲಲ್ಲಿ ಸರದಿ ನಿಲ್ಲುತ್ತಾರೆ. ಏನೂ ಬಾರದ ಹೆಂಗಸಿಗೆ ಮಾಟಗಾತಿ ಎಂಬ ಹೆಸರು; ಅವಳಿಗೆ ಕಲ್ಲು. ಮಂತ್ರವಾದಿಯ ಬಾಯಿಂದ ಬರುವ ಮಾತಾದರೂ ಎಂಥದು? ‘ಹತ್ತಿರದವರೇ ಮಾಡಿಸಿದ್ದಾರೆ, ಮೂಡಣ ದಿಕ್ಕಿನ ಮನೆ, ಹೆಣ್ಣು ದಿಕ್ಕು.’ ಯಾವ ಮನೆಗೆ ಮೂಡಣದಲ್ಲಿ ಮನೆಯಿಲ್ಲ? ಯಾವ ಮನೆಯಲ್ಲಿ ಹೆಣ್ಣಿಲ್ಲ? ಪಾಣಿನಿಯ ಲೆಕ್ಕದಲ್ಲಿ ಮುಂದೆ ಆಗುವ ಅನರ್ಥಕ್ಕೆಲ್ಲ ಪ್ರೇರಕನಾದ ಹೇತುಕರ್ತೃ ಇವನೇ. ಊರವರು ಹುಡುಕುತ್ತಿದ್ದ ಮಾಡಿಸಿದವನು ಅಲ್ಲಿಯೇ ಚಾಪೆಯ ಮೇಲೆ ಕುಳಿತು ಹಣ ಎಣಿಸುತ್ತಿರುತ್ತಾನೆ.

ಕಲಬುರಗಿ, ಬೀದರ ಪ್ರಾಂತಗಳಲ್ಲಿಯೂ ಅದರಾಚೆ ತೆಲಂಗಾಣದಲ್ಲಿಯೂ ಬಾನಾಮತಿಯೆಂಬ ಹೆಸರಿನಲ್ಲಿ ಎಷ್ಟೋ ಸಂಸಾರಗಳು ನೊಂದಿವೆ. ತೆಲಂಗಾಣದ ಕಡೆ ಬಾನಾಮತಿ ಮಾಡುತ್ತಾರೆಂದು ಸಂಶಯಬಂದವರ ಹಲ್ಲುಗಳನ್ನು ಕಿತ್ತ ಪ್ರಸಂಗಗಳು ನಡೆದಿವೆ. ಏಕೆಂದರೆ ಹಲ್ಲಿಲ್ಲದ ಬಾಯಿಯಿಂದ ಮಂತ್ರದ ಉಚ್ಚಾರವಾಗದು ಎಂಬ ಲೆಕ್ಕಾಚಾರ. ಶಿಕ್ಷಾಶಾಸ್ತ್ರದಲ್ಲಿ ತವರ್ಗಕ್ಕೆ ದಂತವೇ ಸ್ಥಾನವೆಂದು ಹೇಳಿದೆ. ವಿದ್ಯೆಯಿಲ್ಲದವರು ವಿದ್ಯೆಯ ಒಂದು ಚೂರನ್ನು ಹಿಡಿದು ಎಂಥ ಕ್ರೌರ್ಯಕ್ಕೆ ಬಳಸಿದರು! ನಮಃ ಶಿವಾಯ ಎಂಬಲ್ಲಿ ಮೊದಲನೆಯ ಅಕ್ಷರವೇ ದಂತ್ಯ. ಹಲ್ಲು ಕೀಳಿಸಿಕೊಂಡ ಆ ಜೀವಕ್ಕೆ ಮಾಟದ ಮಂತ್ರ ಬರುತ್ತಿತ್ತೋ ಇಲ್ಲವೋ, ಪಂಚಾಕ್ಷರಿಯನ್ನು ಸ್ಪಷ್ಟವಾಗಿ ನುಡಿಯುವ ಭಾಗ್ಯವಂತೂ ಹೋಯಿತು. ಅಷ್ಟಾವರಣಗಳಲ್ಲಿ ಒಂದಾದ ಮಂತ್ರವನ್ನು ‘ಮಾಟಮಂತ್ರ’ ಎಂದು ಜೋಡುಪದ ಮಾಡಿ ಎಳೆದಾಡುವವರು ಇದನ್ನು ಸ್ವಲ್ಪ ಯೋಚಿಸಲಿ.

ನಮ್ಮ ರಾಜ್ಯದಲ್ಲಿ ಇಂಥ ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕಾನೂನಾಯಿತು. 2020ರ ಜನವರಿಯಿಂದ ಜಾರಿಗೂ ಬಂದಿತು. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಹಿಂಸಿಸುವುದು ಅದರಲ್ಲಿ ಅಪರಾಧ. ಒಳ್ಳೆಯದು. ಆದರೆ ಕಾನೂನು ಕೈಯನ್ನು ಹಿಡಿಯಬಲ್ಲುದು, ನಾಲಗೆಯನ್ನು ಹಿಡಿಯುವುದು ಕಷ್ಟ. ಮಾರಿ ಮಸಣಿಗಳು ಹೊರಗೆಲ್ಲೋ ಇಲ್ಲ, ತಪ್ಪಿ ನುಡಿಯುವ ನಾಲಗೆಯೇ ಮಾರಿ ಎಂಬ ಅಭಿಪ್ರಾಯವನ್ನು ಬಸವಣ್ಣನವರು ಆಡಿದ್ದು ನಮ್ಮನಿಮ್ಮಂಥವರಿಗಾಗಿಯೇ.

ಇಷ್ಟನ್ನೆಲ್ಲ ಪಾಂಡಿತ್ಯಕ್ಕಾಗಿ ಹೇಳುತ್ತಿಲ್ಲ. ಶ್ರೀಮಠಕ್ಕೆ ನಡೆದುಕೊಳ್ಳುವ ಹಳ್ಳಿಯೊಂದರಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳಿದ್ದಾಳೆ. ಯಾವ ಹಳ್ಳಿಯೆಂದು ನಾವು ಹೇಳುವುದಿಲ್ಲ. ಆ ಊರಿನವರು ಇಲ್ಲಿ ಕುಳಿತಿದ್ದಾರೆ, ಅವರಿಗೆ ಗೊತ್ತು. ಅವಳ ಮೈದುನನ ಮಗುವಿಗೆ ಮೂರ್ಛೆ ಬರಲಾರಂಭಿಸಿತು. ಹೇಳಿಕೆ ಕೇಳಲು ಹೋದರು. ಮೂಡಣ ದಿಕ್ಕು, ಹೆಣ್ಣು ಎಂದು ಉತ್ತರ ಬಂದಿತು. ಅಂದಿನಿಂದ ಎಂಟು ತಿಂಗಳಾದುವು, ಅವಳ ಮನೆಯಲ್ಲಿ ಒಬ್ಬರೂ ನೀರು ಮುಟ್ಟಿಲ್ಲ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಾನಂತೆ. ಮಕ್ಕಳು ಅವಳ ಬಾಗಿಲ ಮುಂದೆ ಬಂದಾಗ ಉಸಿರು ಬಿಗಿಹಿಡಿದು ಓಡುತ್ತವಂತೆ. ಆ ಮಕ್ಕಳಿಗೆ ಇದನ್ನು ಕಲಿಸಿದವರು ಯಾರು?

ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ನಾವು ಹಟಹಿಡಿದೆವು. ವೈದ್ಯರು ಇದು ಅಪಸ್ಮಾರವೆಂದು ಹೇಳಿ ಗುಳಿಗೆ ಕೊಟ್ಟರು. ಈ ರೋಗವು ಚರಕ ಸುಶ್ರುತರಿಗೂ ತಿಳಿದಿದ್ದುದೇ, ಅದೇ ಹೆಸರಿನಿಂದ ಅವರೂ ಚಿಕಿತ್ಸೆ ಬರೆದಿದ್ದಾರೆ. ಶಿವಕೃಪೆಯಿಂದ ಮಗುವಿಗೆ ನಾಲ್ಕು ತಿಂಗಳಿಂದ ಮೂರ್ಛೆ ಬಂದಿಲ್ಲ. ಗುಳಿಗೆಯನ್ನು ವೈದ್ಯರು ಬಿಡಿರೆನ್ನುವವರೆಗೆ ಬಿಡಕೂಡದೆಂದು ಆ ತಂದೆತಾಯಿಗಳಿಗೆ ಇಲ್ಲಿಯೂ ಮತ್ತೊಮ್ಮೆ ಹೇಳುತ್ತೇವೆ. ಇಷ್ಟಾದ ಮೇಲಾದರೂ ಆ ತಾಯಿಯ ಮೇಲಿನ ಮಾತು ಹಿಂದಕ್ಕೆ ಹೋಗಬೇಕಷ್ಟೆ? ಹೋಗಲಿಲ್ಲ. ‘ಮಠಕ್ಕೆ ಸುದ್ದಿ ಹೋಯಿತೆಂದು ಹೆದರಿ ಅವಳೇ ಹಿಂದಕ್ಕೆ ತೆಗೆದುಕೊಂಡಳು’ ಎಂದರು! ಮಗುವಿಗೆ ಕೆಟ್ಟರೆ ಅವಳು ಮಾಡಿದ್ದು. ಗುಣವಾದರೆ ಅವಳು ತೆಗೆದದ್ದು. ತರ್ಕಶಾಸ್ತ್ರದಲ್ಲಿ ಹೇತ್ವಾಭಾಸಗಳನ್ನು ಐದೆಂದು ಎಣಿಸುತ್ತಾರೆ. ನಮ್ಮ ಜನರು ಆರನೆಯದನ್ನು ಕಂಡುಹಿಡಿದಿದ್ದಾರೆ.

ನೀರು ಮುಟ್ಟದಿರುವುದೆಂದೆವಲ್ಲ, ಅದರ ಹಿಂದೆ ಮದ್ದಿನ ಭಯವೂ ಇದೆ. ಮದ್ದು ಎಂದರೆ ಔಷಧ. ಅದೂ ಮಾಟದ ದಾರಿಯನ್ನೇ ಹಿಡಿಯಿತು. ಮದ್ದು ಕೊಟ್ಟರು ಎಂದರೆ ವೈದ್ಯರು ಕೊಟ್ಟರೆಂದಾಯಿತು. ಮದ್ದು ಹಾಕಿದರು ಎಂದರೆ ಅನ್ನದಲ್ಲಿ ಏನನ್ನೋ ಬೆರೆಸಿದರೆಂದಾಯಿತು. ಮಲೆನಾಡಿನ ಕಡೆಯೂ ನಮ್ಮ ಸೀಮೆಯಲ್ಲಿಯೂ ಇದನ್ನು ಕಕ್ಕಿಸುತ್ತೇವೆಂದು ಬದುಕುವವರಿದ್ದಾರೆ. ಮಾಟದ ಭಯವು ಕೊನೆಗೆ ಬಂದು ಸೇರುವುದು ಊಟದ ಎಲೆಗೆ. ಶರಣಧರ್ಮವು ನಿಂತಿರುವುದಾದರೂ ಎಲ್ಲಿ? ಅದೇ ಎಲೆಯ ಮೇಲೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕುಲ ಕೇಳದೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಅದಕ್ಕಾಗಿ ಪಡಬಾರದ ಪಾಡು ಪಟ್ಟರು. ಅವರ ಹೆಸರು ಹೇಳುವ ನಾವು ನಮ್ಮವಳೇ ಆದ ಒಬ್ಬ ಲಿಂಗವಂತ ಹೆಣ್ಣುಮಗಳು ಕೊಟ್ಟ ನೀರನ್ನು ವಿಷವೆಂದು ಚೆಲ್ಲಿದರೆ, ಆ ಊರಿನಲ್ಲಿ ಮಾಟ ಎಂಬ ಪದಕ್ಕೆ ಶರಣರು ಕೊಟ್ಟ ಅರ್ಥ ಸತ್ತಿತೆಂದೇ ಲೆಕ್ಕ.

ತಾಯಿತ ಬೇಕೆಂದು ನಮ್ಮಲ್ಲಿಗೆ ಬರುವವರೂ ಬಹಳ. ವಿಭೂತಿಯನ್ನು ನಾವು ಕೊಡುತ್ತೇವೆ, ಅದು ನಿಮ್ಮದೇ. ಅದನ್ನು ಮಾಟಕ್ಕೆ ಪ್ರತಿಮಾಟವೆಂದು ಕೊಡುವುದಿಲ್ಲ. ತಾಯಿತವನ್ನಂತೂ ಕೊಡುವುದೇ ಇಲ್ಲ. ಎದೆಯ ಮೇಲೆ ಇಷ್ಟಲಿಂಗ, ತೋಳಿನಲ್ಲಿ ತಾಯಿತ. ಇವೆರಡರಲ್ಲಿ ನಿಮ್ಮ ನಂಬಿಕೆ ಯಾವುದರ ಮೇಲೆ? ಲಿಂಗವು ಕಾಯುವುದೆಂದು ನಂಬಿದ್ದರೆ ತೋಳಿನ ತಗಡು ಏತಕ್ಕೆ? ಕೆಲವರಿಗೆ ಈ ಮಾತಿನಿಂದ ನಮ್ಮ ಮೇಲೆ ಬೇಸರವಾಗಿದೆ ಎಂದು ಕೇಳಿದ್ದೇವೆ. ಬೇರೆ ಕಡೆ ಕೊಡುತ್ತಾರೆ, ನಮ್ಮ ಬುದ್ಧಿಯವರು ಕೊಡುವುದಿಲ್ಲ ಎನ್ನುತ್ತಾರಂತೆ. ಎನ್ನಲಿ.

ಆ ತಾಯಿಯು ಮೊನ್ನೆ ಮಠಕ್ಕೆ ಬಂದಿದ್ದಳು. ದೂರು ಹೇಳಲಿಲ್ಲ. ಅರ್ಧ ಸೇರು ಅಕ್ಕಿಯನ್ನು ದಾಸೋಹಕ್ಕೆಂದು ತಂದಿದ್ದಳು. ಉಗ್ರಾಣದವರು ಅದನ್ನು ಬೇರೆ ಇಡಬೇಕೋ ಕೂಡಿಸಬೇಕೋ ಎಂದು ನಮ್ಮ ಮುಖ ನೋಡಿದರು. ಕೂಡಿಸಿರೆಂದೆವು. ಇಂದು ನೀವೆಲ್ಲ ಸ್ವೀಕರಿಸಲಿರುವ ಪ್ರಸಾದದಲ್ಲಿ ಆ ಅಕ್ಕಿಯೂ ಇದೆ. ಬೇಡವೆನ್ನುವವರು ಈಗಲೇ ಎದ್ದು ಹೋಗಬಹುದು, ನಾವು ಯಾರನ್ನೂ ತಡೆಯುವುದಿಲ್ಲ.

ಬರುವ ಸೋಮವಾರ ನಮ್ಮ ಬಿನ್ನಹವು ಅವಳ ಮನೆಯಲ್ಲಿ. ಅವಳು ಕರೆಯಲು ಅಂಜಿದಳು. ನಾವಾಗಿಯೇ ಬರುತ್ತೇವೆಂದು ಹೇಳಿಕಳುಹಿಸಿದ್ದೇವೆ. ಬೆಳಗಿನ ಪೂಜೆಯನ್ನು ಮುಗಿಸಿ ಎಂಟು ಗಂಟೆಗೆ ಇಲ್ಲಿಂದ ಹೊರಡುತ್ತೇವೆ. ಮೈದುನನ ಮನೆಯವರು, ಆ ಮಗು, ಅಂಗಡಿಯವನು, ಊರಿನ ಹಿರಿಯರು ಪಂಕ್ತಿಗೆ ಬರಬೇಕು. ಮನೆ ಚಿಕ್ಕದು, ಎರಡು ಸಾಲು ಮಾಡಿ ಕುಳಿತರಾಯಿತು. ನೀರನ್ನು ಅವಳ ಕೊಡದಿಂದಲೇ ಬಡಿಸಲಿ.